ಅತ್ತೆ ನೈಲಾನ್ ತೊಟ್ಟ ದಿನ

ಮದುವೆಯಾಗಿ ಮೊಳಕಾಲ್ಮೂರಿಗೆ ಹೋದ ಕೆಲವೇ ದಿನಗಳಲ್ಲಿ ನನ್ನ ನೀಲಿ ಹೂವಿನ ನೈಲಾನ್ ಸೀರೆ ಅತ್ತೆಯ ಬಚ್ಚಲಿನ ಬಾಗಿಲಿಗೆ ಪರದೆಯಾಯಿತು. ಅದು ನನ್ನವ್ವ ಕೊಟ್ಟ ಸೀರೆ. ಹೊಸ ಮನೆಯಲ್ಲಿ ಕೆಲಸ ಜಾಸ್ತಿ ಇರುತ್ತದೆ, ಒಗೆದು ಹರವಿದರೆ ಬೇಗ ಒಣಗುತ್ತದೆ, ಮಗಳಿಗೆ ಅನುಕೂಲವಾಗಲಿ ಎಂದು ಚಳ್ಳಕೆರೆ ಪೇಟೆಯ ಅಂಗಡಿ ಅಂಗಡಿ ಹತ್ತಿಳಿದು ಆರಿಸಿದ್ದಳು.

ಅತ್ತೆ ಅದನ್ನು ಸುಮ್ಮನೆ ತೆಗೆದುಕೊಂಡು ಪರದೆ ಕಟ್ಟಿಕೊಂಡಿದ್ದರೆ ಮರೆತುಬಿಡುತ್ತಿದ್ದೆನೋ ಏನೋ. ಮಗ್ಗದ ಮನೆಗಳಲ್ಲಿ ರೇಷ್ಮೆ ಹೌದೋ ಅಲ್ಲವೋ ಎಂದು ನೋಡಲು ಒಂದು ಎಳೆಯನ್ನು ದೀಪಕ್ಕೆ ಹಿಡಿಯುತ್ತಾರೆ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ನೈಲಾನಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಹೊಸ ಸೊಸೆಯನ್ನು ನೋಡಲು ಕೇರಿಯ ಹೆಂಗಸರೆಲ್ಲ ಬಂದು ಕೂತಿದ್ದಾಗ ಅತ್ತೆ ನನ್ನ ಟ್ರಂಕಿನಿಂದ ಆ ಸೀರೆ ತೆಗೆದು, ಎಳೆಯನ್ನಲ್ಲ, ಸೆರಗನ್ನೇ ದೀಪಕ್ಕೆ ಹಿಡಿದರು. ಬೆರಳು ತೂರುವಷ್ಟು ತೂತಾಯಿತು. ಸುತ್ತ ಕರಗಿದ ನೈಲಾನು ಕಪ್ಪಗೆ ಗಟ್ಟಿಯಾಯಿತು.

“ಚೂಡಂಡಿ, ನೋಡ್ರಿ, ಚಳ್ಳಕೆರೆಯೋರು ಮಗಳಿಗೆ ಕೊಟ್ಟು ಕಳಿಸಿರೋ ಸೀರೆ ಇದು. ನಮ್ಮ ಮಗ್ಗದ ಮನೆಗೆ ನೈಲಾನು ತಂದವ್ಳೆ,” ಎಂದರು, ಮನೆಮಾತಿನ ತೆಲುಗು ಬೆರೆಸಿ. ಹೆಂಗಸರು ಬಾಯಿಗೆ ಸೆರಗು ಹಿಡಿದು ನಕ್ಕರು. ಆ ದಿನವೇ ಮನಸ್ಸಿನಲ್ಲಿ ಅಂದುಕೊಂಡೆ, ನಿನ್ನ ಮೈಗೆ ಇದೇ ನೈಲಾನು ತೊಡಿಸದಿದ್ದರೆ ನಾನು ನನ್ನವ್ವನ ಮಗಳೇ ಅಲ್ಲ. ಹೇಗೆ ತೊಡಿಸುತ್ತೇನೆ ಎಂಬುದು ಮಾತ್ರ ನನಗೂ ಗೊತ್ತಿರಲಿಲ್ಲ.

ನಮ್ಮಪ್ಪ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ದುಡಿಯುತ್ತಿದ್ದ. ಅದನ್ನೂ ಅತ್ತೆ ಬಿಡಲಿಲ್ಲ. ನಾನು ಏನು ಬೀಳಿಸಿದರೂ, ಏನು ಮರೆತರೂ ಒಂದೇ ಮಾತು: “ಎಣ್ಣೆ ಊರಿನೋಳು. ಇವಳ ಕೈಯಾಗೆ ಏನೂ ನಿಲ್ಲಲ್ಲ, ಜಾರ್ತೈತೆ.” ಮಗ್ಗದಲ್ಲಿ ಹಾಸಿನ ಎಳೆ ಕಡಿದರೆ ಅದನ್ನು ಕೂಡಿಸಲು ನೇಯುವವರು ಹಾಕುವ ಒಂದು ಸಣ್ಣ ಗಂಟು ಇದೆ. ಎಳೆದಷ್ಟೂ ಬಿಗಿಯುವ ಗಂಟು. ಅದನ್ನು ನನಗೆ ಕಲಿಸಿದವರು ಅತ್ತೆಯೇ. ಎಳೆ ಜಾರಿದಾಗಲೆಲ್ಲ ನೂಲಿನ ಕಂಡಿಕೆಯಿಂದ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದರು. ಕಲಿತೆ. ಕಣ್ಣು ಮುಚ್ಚಿಕೊಂಡೂ ಹಾಕುವಷ್ಟು ಕಲಿತೆ. ಆದರೂ ಎಣ್ಣೆ ಕೈ ಎಂಬ ಹೆಸರು ಹೋಗಲಿಲ್ಲ.

ಆಮೇಲೆ ನನ್ನ ಗಂಡನಿಗೆ ಚಳ್ಳಕೆರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಅತ್ತೆ, ಮಾವ, ಮಗ್ಗ ಅಲ್ಲೇ ಉಳಿದರು. ನಾವು ಚಳ್ಳಕೆರೆಯಲ್ಲಿ ಬಾಡಿಗೆ ಮನೆ ಹಿಡಿದೆವು. ಮಗಳು ಹುಟ್ಟಿದಳು, ಅವಳ ಹಿಂದೆ ಮಗ.

ಮಗ ಪಾಪದ ಕೂಸು. ಕೂರಿಸಿದಲ್ಲಿ ಕೂರುತ್ತಿದ್ದ, ಕೊಟ್ಟದ್ದು ತಿನ್ನುತ್ತಿದ್ದ. ಮಗಳ ಹಠ ಮಾತ್ರ ಕೇರಿಗೆಲ್ಲ ಪ್ರಸಿದ್ಧ. ಬೇಕೆಂದದ್ದು ಸಿಗದಿದ್ದರೆ ನಿಂತ ನಿಲುವಿನಲ್ಲೇ ಬೆನ್ನ ಮೇಲೆ ಬೀಳುತ್ತಿದ್ದಳು. ಬಾಯಿ ಅಷ್ಟಗಲ ತೆರೆಯುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಉಸಿರು ಕಟ್ಟಿ ತುಟಿ ನೀಲಿಯಾಗುತ್ತಿತ್ತು. ಮುಖಕ್ಕೆ ಜೋರಾಗಿ ಊದಿದರೆ ಉಸಿರು ತಿರುಗುತ್ತಿತ್ತು, ಆಮೇಲೆ ಚೀರಾಟ ಶುರು. ನೋಡುವವರು ನನ್ನನ್ನು ನೋಡುತ್ತಿದ್ದರು. ಎಲ್ಲರ ಕಣ್ಣಲ್ಲೂ ಒಂದೇ ಪ್ರಶ್ನೆ, ಇವಳೆಂಥ ತಾಯಿ?

ಬಿದ್ದು ಎದ್ದು ನಾನೊಂದು ಉಪಾಯ ಕಂಡುಕೊಂಡಿದ್ದೆ. ಉಸಿರು ತಿರುಗಿದ ಮೇಲೆ ಅವಳನ್ನು ಎತ್ತುವುದಿಲ್ಲ, ಬಯ್ಯುವುದಿಲ್ಲ, ಏನೂ ಕೊಡುವುದೂ ಇಲ್ಲ. ಅವಳಿಗೆ ಕಾಣುವಷ್ಟು ಹತ್ತಿರ, ಕೈಗೆ ಸಿಗದಷ್ಟು ದೂರದಲ್ಲಿ ನೆಲದ ಮೇಲೆ ಕುಕ್ಕರುಗಾಲಲ್ಲಿ ಕೂರುತ್ತೇನೆ. ಕೈಗೊಂದು ಕೆಲಸ ಹಚ್ಚಿಕೊಳ್ಳುತ್ತೇನೆ. ಸೆರಗಿನ ಕುಚ್ಚು ಬಿಡಿಸುವುದೋ, ಕಡಲೆಕಾಯಿ ಸುಲಿಯುವುದೋ ಏನಾದರೂ ಸರಿ. ಸ್ವಲ್ಪ ಹೊತ್ತಿಗೆ ಚೀರಾಟ ಬಿಕ್ಕಳಿಕೆಯಾಗುತ್ತಿತ್ತು. ಬಿಕ್ಕುತ್ತಾ ತೆವಳಿಕೊಂಡು ಬಂದು ನನ್ನ ಕೆಲಸಕ್ಕೆ ಕೈ ಹಾಕುತ್ತಿದ್ದಳು. ಅಲ್ಲಿಗೆ ಮುಗಿಯಿತು.

ಅತ್ತೆಗೆ ಇದು ಸೋಂಬೇರಿತನವಾಗಿ ಕಾಣುತ್ತಿತ್ತು. ಅವರದು ಬೇರೆ ದಾರಿ. ಮೊದಲು ಬೂಚೋಡು ಬಂದು ಹಿಡಿದುಕೊಂಡು ಹೋಗುತ್ತಾನೆಂದು ಹೆದರಿಸುವುದು, ಅದಾಗದಿದ್ದರೆ ಮಿಠಾಯಿ, ಅದೂ ಆಗದಿದ್ದರೆ ಕೇಳಿದ್ದನ್ನೆಲ್ಲ ಕೊಟ್ಟುಬಿಡುವುದು. ಮಗಳಿಗೆ ಐದು ತುಂಬಿದ ವರ್ಷ ಅವರು ಹೊಸ ರಾಗ ತೆಗೆದರು. “ಪಿಲ್ಲನಿ ನಾ ದಗ್ಗರ ವದಿಲೆಯ್. ಹುಡುಗೀನ ನನ್ನ ಹತ್ರ ಬಿಟ್ಟುಬಿಡು. ಜೂನಿಂದ ಮೊಳಕಾಲ್ಮೂರು ಸ್ಕೂಲಿಗೇ ಹಾಕಾಣ. ನಿನ್ನ ಕೈಯಾಗೆ ಇವಳು ನಿಲ್ಲಲ್ಲ.”

ನನ್ನ ಗಂಡ ತಲೆ ತಗ್ಗಿಸಿಕೊಂಡು, “ನೋಡಾಣ ತಗಾ,” ಎಂದ. ಅವನನ್ನು ಕಟ್ಟಿಕೊಂಡವಳಿಗೆ ಗೊತ್ತು, ಅಮ್ಮನ ಎದುರು ಅವನು ನೋಡಾಣ ಅಂದರೆ ಆಗಲಿ ಅಂತಲೇ ಅರ್ಥ. ಸೀರೆ ಹೋಯಿತು, ಈಗ ಮಗಳ ಸರದಿ ಬಂದಿದೆ ಅಂತ ನನಗೆ ಸ್ಪಷ್ಟವಾಗಿ ಕಾಣಿಸಿತು.

ಆ ಬೇಸಿಗೆಯಲ್ಲೇ ಬೆಂಗಳೂರಿನ ಹೊರಗಿನ ನೀರಾಟದ ಪಾರ್ಕಿಗೆ ಹೋದದ್ದು. ಮಗಳು ಪಕ್ಕದ ಮನೆಯ ಟೀವಿಯಲ್ಲಿ ಅದರ ಜಾಹೀರಾತು ನೋಡಿ ತಿಂಗಳಿಡೀ ಪ್ರಾಣ ತಿಂದಿದ್ದಳು. ಮೊಳಕಾಲ್ಮೂರಿನಲ್ಲಿ ಮಗ್ಗದ ಹಾಸು ಮುಗಿದು, ಹೊಸ ಹಾಸು ಏರುವ ಮುಂಚೆ ಬಿಡುವಿತ್ತು. ಮಾವ ಬರುವುದಿಲ್ಲ ಎಂದರು, ಅತ್ತೆ ಹೊರಟರು. “ಈ ಟೂರಲ್ಲೇ ನೋಡ್ಬಿಡಾಣ, ಪಿಲ್ಲ ಯಾರ ಕೈಯಾಗೆ ನಿಲ್ತಾಳೆ ಅಂತ. ಆಮೇಲೆ ಜೂನಿನ ಮಾತು,” ಎಂದು ನನ್ನ ಗಂಡನ ಎದುರೇ ಹೇಳಿದರು. ಅವನು ಮತ್ತೆ ನೋಡಾಣ ಎಂದ.

ನೀರಾಟಕ್ಕೆ ಯಾರಾದರೂ ರೇಷ್ಮೆ ಉಟ್ಟು ಹೋಗುತ್ತಾರೆಯೇ? ನಾವು ಹೋದೆವು. ಊರ ಗಡಿ ದಾಟಿದರೆ ಹೆಂಗಸರ ಮೈಮೇಲೆ ಮನೆ ಮಗ್ಗದ ಬಟ್ಟೆಯೇ ಇರಬೇಕು ಎಂಬುದು ಅತ್ತೆಯ ಕಟ್ಟಳೆ. ನಾಲ್ಕು ಜನ ನೋಡಿದರೆ ನಾಲ್ಕು ಸೀರೆ ಕೇಳುತ್ತಾರೆ ಎಂಬ ವಾದ. ಅತ್ತೆಗೆ ದಾಳಿಂಬೆ ಬಣ್ಣದ ಸೀರೆ, ದೊಡ್ಡ ಜರಿ ಅಂಚು. ಅದೇ ಹಾಸಿನಲ್ಲಿ ಮಿಕ್ಕ ತುಂಡಿನಿಂದ ಮಗಳಿಗೆ ಲಂಗ. ನನಗೂ ಒಂದು. ಕೆಂಪು ಬಸ್ಸಿನಲ್ಲಿ ನಮ್ಮನ್ನು ನೋಡಿದವರೆಲ್ಲ ಯಾವ ಊರಲ್ಲಿ ಮದುವೆ ಎಂದು ಕೇಳಿದರು.

ಶಿರಾದಲ್ಲಿ ಬಸ್ಸು ತಿಂಡಿಗೆ ನಿಂತಿತು. ಮಗಳು ಪೂರಿ ಕೇಳಿದಳು. ಚೆಂಡಿನಂತೆ ಉಬ್ಬಿದ ಪೂರಿ ಬಂತು, ಅವಳ ಮುಖವೂ ಅರಳಿತು. ಬಿಸಿಯಾರಲಿ ಎಂದು ಅತ್ತೆ ಬೆರಳು ಹಾಕಿ ಅದನ್ನು ಪುಸ್ ಎನಿಸಿದರು. ಮುಗಿಯಿತು ಕತೆ. ಅದೇ ಪೂರಿ ಮತ್ತೆ ಉಬ್ಬಬೇಕು! ಬೇರೆ ಪೂರಿ ತರಿಸಿದರೂ ಬೇಡ. ಹೋಟೆಲಿನ ಒದ್ದೆ ನೆಲದ ಮೇಲೆ ರೇಷ್ಮೆ ಲಂಗದಲ್ಲಿ ಹೊರಳಾಡಿದಳು. ಹೊರಗೆ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದ. ನಾನು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರಲು ಹೋದೆ.

“ಏಳು, ಲಂಗ ಹಾಳಾಗ್ತೈತೆ. ನೀನು ಕೂತ್ಕಂಡು ಏನು ಪೂಜೆ ಮಾಡ್ತೀಯಾ?” ಎಂದು ಅತ್ತೆ ನನ್ನನ್ನು ಬದಿಗೆ ತಳ್ಳಿ ಮಗಳನ್ನು ಬಾಚಿ ಎತ್ತಿಕೊಂಡರು. ಅವಳ ಕಿವಿಯಲ್ಲಿ, ಆದರೆ ಇಡೀ ಹೋಟೆಲಿಗೆ ಕೇಳುವಂತೆ, “ಅಳಬ್ಯಾಡ ನನ್ ಬಂಗಾರಿ. ಅಲ್ಲಿ ನೀರಾಗೆ ನಾನೇ ನಿನ್ನ ಎತ್ಕಂಡು ಆಡಿಸ್ತೀನಿ. ನಿಮ್ಮಮ್ಮ ಬ್ಯಾಡ ನಮಗೆ. ನಾವಿಬ್ರೇ,” ಎಂದರು. ಮಗಳು ಅಳು ನಿಲ್ಲಿಸಿ, “ನೀನೇ? ಆಣೆಗೂ?” ಎಂದಳು. “ಆಣೆಗೂ,” ಎಂದರು ಅತ್ತೆ. ನನ್ನ ಗಂಡನ ಕಡೆ ತಿರುಗಿ ಹುಬ್ಬು ಹಾರಿಸಿದರು. ಅವನು ಮೆಚ್ಚುಗೆಯಿಂದ ತಲೆಯಾಡಿಸಿದ. ಆ ತಲೆಯ ಮೇಲೆ ಸಾಂಬಾರಿನ ಬಟ್ಟಲು ಬೋರಲು ಹಾಕುವಷ್ಟು ಸಿಟ್ಟು ಬಂತು. ಹಲ್ಲು ಕಚ್ಚಿಕೊಂಡು ಬಸ್ಸು ಹತ್ತಿದೆ.

ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಇಳಿದುಕೊಂಡು ಮರುದಿನ ಬೆಳಿಗ್ಗೆ ಪಾರ್ಕಿಗೆ ಹೋದೆವು. ಒಣ ಆಟಗಳನ್ನೆಲ್ಲ ಮುಗಿಸಿ ನೀರಿನ ಕಡೆ ಬಂದಾಗ ಅಲ್ಲಿ ನಿಂತಿದ್ದ ಹುಡುಗಿ ಕೈ ಅಡ್ಡ ಹಿಡಿದಳು.

“ಅಜ್ಜಿ, ಈ ಬಟ್ಟೇಲಿ ನೀರಿಗೆ ಬಿಡಲ್ಲ. ರೇಷ್ಮೆ, ಕಾಟನ್ ಯಾವುದೂ ಆಗಲ್ಲ. ನೈಲಾನೇ ಹಾಕ್ಕೋಬೇಕು. ಅಲ್ಲಿ ಬಾಡಿಗೆಗೆ ಕೊಡ್ತಾರೆ ನೋಡಿ.”

ನನ್ನ ಕಿವಿಗೆ ಅದೆಷ್ಟು ಇಂಪಾಗಿ ಬಿತ್ತೆಂದರೆ, ಇನ್ನೊಮ್ಮೆ ಹೇಳಿಸಬೇಕೆಂದು, “ಏನು ಅಂದ್ರಿ?” ಎಂದು ಕೇಳಿದೆ. ಅವಳು ಇನ್ನೊಮ್ಮೆ ಹೇಳಿದಳು.

ಬಾಡಿಗೆ ಬಟ್ಟೆಗಳು ಸಾಲಾಗಿ ತೂಗಾಡುತ್ತಿದ್ದವು. ಅತ್ತೆ ಅಭ್ಯಾಸಬಲದಿಂದ ಒಂದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತೀಡಿದರು. ಸಗಣಿ ಮುಟ್ಟಿದವರಂತೆ ಕೈ ಸೀರೆಗೆ ಒರೆಸಿಕೊಂಡರು. “ನಾನು ಇಲ್ಲೇ ಕೂರ್ತೀನಿ. ನೀವು ಹೋಗ್ರಿ,” ಎಂದು ಕಲ್ಲುಬೆಂಚಿನ ಮೇಲೆ ಕೂತರು.

ನಾನು, ಗಂಡ, ಮಕ್ಕಳು ಎಲ್ಲರೂ ಬಟ್ಟೆ ಬದಲಿಸಿದೆವು. ಮೊಣಕಾಲು ಮುಚ್ಚುವ ಹಸಿರು ನೈಲಾನು ನಿಲುವಂಗಿ ತೊಟ್ಟಾಗ ನನಗೆ ನಾಚಿಕೆಗಿಂತ ಹೆಚ್ಚು ನನ್ನವ್ವನ ನೆನಪಾಯಿತು. ಅಲೆಗಳೇಳುವ ದೊಡ್ಡ ಕೊಳದ ಅಂಚಿಗೆ ಬಂದದ್ದೇ ಮಗಳು ನಿಂತುಬಿಟ್ಟಳು.

“ಅಜ್ಜಿ ಬರ್ಬೇಕು.”

“ಅಜ್ಜಿ ಬರಲ್ಲ ಪುಟ್ಟಿ. ಬಾ, ಅಪ್ಪ ಎತ್ಕಂತೀನಿ,” ಎಂದ ನನ್ನ ಗಂಡ.

“ಆಣೆ ಮಾಡೈತೆ! ಅಜ್ಜೀನೇ ಬರ್ಬೇಕು!”

ಬೆನ್ನ ಮೇಲೆ ಬಿದ್ದಳು. ಬಾಯಿ ತೆರೆಯಿತು, ಸದ್ದಿಲ್ಲ, ತುಟಿ ನೀಲಿ. ನಾನು ಬಗ್ಗಿ ಮುಖಕ್ಕೆ ಊದಿದೆ. ಉಸಿರು ತಿರುಗಿತು, ಚೀರಾಟ ಶುರುವಾಯಿತು. ಜನ ಗುಂಪುಗೂಡಿದರು. ಬೆಂಚಿನಿಂದ ಅತ್ತೆ ಎದ್ದು ಬಂದರು, ನನ್ನ ಕಡೆ ನೋಡಿದರು. ಕೂತು ಸಮಾಧಾನ ಮಾಡು ಎಂದು ಆ ಕಣ್ಣು ಹೇಳುತ್ತಿತ್ತು. ಮಾಡಬಹುದಿತ್ತು. ಅಲ್ಲೇ ಕುಕ್ಕರುಗಾಲಲ್ಲಿ ಕೂತು ಕೈಯಲ್ಲಿ ನೀರು ಮೊಗೆಯುತ್ತಿದ್ದರೆ ಸ್ವಲ್ಪ ಹೊತ್ತಿಗೆ ಬರುತ್ತಿದ್ದಳು. ನಾನು ನೆಟ್ಟಗೆ ನಿಂತು, ಅವರದೇ ತೆಲುಗಿನಲ್ಲಿ, ಅವರು ಹೇಳುವ ಧಾಟಿಯಲ್ಲೇ ಹೇಳಿದೆ:

“ಮೀ ದಗ್ಗರೇ ವದಿಲೇಸಿನಾನು, ಅತ್ತಾ. ನಿಮ್ಮ ಹತ್ರಾನೇ ಬಿಟ್ಟೀನಿ.”

ಮಗನನ್ನು ಸೊಂಟಕ್ಕೇರಿಸಿಕೊಂಡು ನೀರಿಗಿಳಿದೆ. ಅವಳು ಕಣ್ಣಿಗೆ ಕಾಣುವಷ್ಟು ದೂರದಲ್ಲಿ ನಿಂತು ನೋಡಿದೆ. ಅತ್ತೆ ಬೂಚೋಡನ್ನು ಕರೆದರು, ಬೂಚೋಡು ಬರಲಿಲ್ಲ. ಸೆರಗಿನ ಗಂಟಿನಿಂದ ಮಿಠಾಯಿ ತೆಗೆದರು, ಮಗಳು ಅದನ್ನು ಕಿತ್ತು ಕೊಳಕ್ಕೆಸೆದಳು. ಹೊಡೆಯಲು ಕೈಯೆತ್ತಿದರು, ಸುತ್ತ ನಿಂತ ಜನರನ್ನು ನೋಡಿ ಇಳಿಸಿದರು. “ಯಾಕಮ್ಮಾ, ಮಗು ಅಷ್ಟು ಕೇಳ್ತಾ ಐತೆ, ಹೋಗಬಾರದಾ?” ಎಂದು ಯಾರೋ ಹೆಂಗಸು ಅತ್ತೆಗೇ ಬುದ್ಧಿ ಹೇಳಿದಳು. ಅದುವರೆಗೆ ನನ್ನ ಮೇಲೆ ಬೀಳುತ್ತಿದ್ದ ಕಣ್ಣುಗಳೆಲ್ಲ ಅವತ್ತು ಅತ್ತೆಯ ಮೇಲೆ ಬಿದ್ದಿದ್ದವು. ನನ್ನ ಹೊಟ್ಟೆ ತಣ್ಣಗಾಗತೊಡಗಿತು.

ಕೊನೆಗೆ ಅತ್ತೆ ಬಾಡಿಗೆ ಬಟ್ಟೆಯ ಕಡೆಗೆ ನಡೆದರು. ಒಂದು ಗಳಿಗೆಯ ಮೇಲೆ ಹೆಂಗಸರ ಕೋಣೆಯಿಂದ ನನ್ನನ್ನು ಕರೆದರು. ಮಗನನ್ನು ಅವನಪ್ಪನ ಕೈಗೆ ಕೊಟ್ಟು ಹೋದೆ. ಅತ್ತೆ ಗೋಡೆಗೆ ಮುಖ ಮಾಡಿ ನಿಂತಿದ್ದರು. ಕಿತ್ತಳೆ ಬಣ್ಣದ ನಿಲುವಂಗಿ, ಬೆನ್ನಿನ ಜಿಪ್ಪು ಅರ್ಧಕ್ಕೆ ನಿಂತಿತ್ತು.

“ಇದೊಂಚೂರು ಎಳಿ,” ಎಂದರು ತಿರುಗದೆ.

ಎಳೆದೆ. ಸರ್ ಎಂದು ಮೇಲಕ್ಕೆ ಹೋಯಿತು. ಅವತ್ತು ಅಂದುಕೊಂಡದ್ದು ನನ್ನ ಕೈಯಿಂದಲೇ ಆಯಿತು. ದಾಳಿಂಬೆ ಬಣ್ಣದ ಸೀರೆಯನ್ನು ಮಡಿಸಿ ನನ್ನ ಕೈಗಿಟ್ಟು ಅವರು ಹೊರಗೆ ನಡೆದರು. ಅವರ ಮೀನಖಂಡಗಳನ್ನು ನಾನು ಅವತ್ತೇ ನೋಡಿದ್ದು. ಮಗ್ಗದ ಗುಂಡಿಯಲ್ಲಿ ವರ್ಷಗಟ್ಟಲೆ ಕಾಲುಮಣೆ ತುಳಿದು ಒಂದು ಕಾಲು ಇನ್ನೊಂದಕ್ಕಿಂತ ದಪ್ಪ, ಅದರ ತುಂಬ ಗಂಟು ಗಂಟಾದ ನರ. ಪಾಪ ಎನ್ನಿಸಿತು. ದೀಪಕ್ಕೆ ಹಿಡಿದ ಸೆರಗು ನೆನಪಾದದ್ದೇ ಸರಿಹೋಯಿತು.

ಮಗಳು ಅತ್ತೆಯ ಕೊರಳಿಗೆ ಜೋತುಬಿದ್ದು ಕೇಕೆ ಹಾಕಿದಳು. ಮೊದಲ ಅಲೆ ಬಂದಾಗ ಅತ್ತೆ ಮೂಗು ಬಾಯಿಗೆಲ್ಲ ನೀರು ಕುಡಿದರು. ಎರಡನೆಯದಕ್ಕೂ ಕುಡಿದರು. ದಡಕ್ಕೆ ಬರಲು ನೋಡಿದಾಗಲೆಲ್ಲ ಮಗಳು ಕಾಲು ಬಡಿದು ಒಳಕ್ಕೆಳೆಯುತ್ತಿದ್ದಳು. ಮಧ್ಯಾಹ್ನವಿಡೀ ಹೀಗೇ ನಡೆಯಿತು. ನಾನು ನೆರಳಲ್ಲಿ ಕೂತು ಜೋಳದ ತೆನೆ ತಿಂದೆ. ಅಷ್ಟು ರುಚಿಯ ಜೋಳ ಆಮೇಲೆ ಎಲ್ಲೂ ಸಿಕ್ಕಿಲ್ಲ.

ಸಂಜೆ ಸೀಟಿ ಊದಿ ಎಲ್ಲರೂ ಹೊರಗೆ ಬನ್ನಿ ಎಂದರು. ಮಗಳು ಬರಲೊಲ್ಲಳು. ಅತ್ತೆಯ ನಿಲುವಂಗಿಯನ್ನು ಎರಡು ಮುಷ್ಟಿಯಲ್ಲಿ ಹಿಡಿದುಕೊಂಡು ನೀರಿನಂಚಿನಲ್ಲಿ ಮಲಗಿದಳು. ನೈಲಾನು ಹರಿಯುವುದೂ ಇಲ್ಲ, ಅವಳು ಬಿಡುವುದೂ ಇಲ್ಲ. ಸೀಟಿ ಹುಡುಗ ಮೂರು ಸಲ ಬಂದು ಹೇಳಿದ. ಹೋಗುವವರೆಲ್ಲ ನಿಂತು ನೋಡಿ ಹೋಗುತ್ತಿದ್ದರು. ಕೂದಲು ಮುಖಕ್ಕಂಟಿ, ಚಳಿಗೆ ನಡುಗುತ್ತಾ, ಅತ್ತೆ ನನ್ನ ಕಡೆ ತಿರುಗಿ ಕೂಗಿದರು:

“ತೀಸ್ಕೋ ನೀ ಕೂತುರ್ನಿ! ತಗಳೇ ನಿನ್ನ ಮಗಳ್ನ!”

ನಾನು ಮೆಲ್ಲಗೆ ಹತ್ತಿರ ಹೋದೆ. ಗಂಡ ಪಕ್ಕದಲ್ಲೇ ಇದ್ದಾನೆಂದು ಖಾತ್ರಿ ಮಾಡಿಕೊಂಡೆ.

“ತಗಂತೀನಿ ಅತ್ತೆ. ಜೂನಿಗೆ ಏನು ಮಾಡಾಣ?”

“ಏನು ಜೂನು! ಈಗ ಇವಳ್ನ ಬಿಡ್ಸು!”

“ಅಲ್ಲ, ನನ್ನ ಕೈಯಾಗೆ ನಿಲ್ಲಲ್ವಲ್ಲ. ನಿಮ್ಮ ಹತ್ರ ಎಷ್ಟು ಚೆನ್ನಾಗಿ ನಿಂತವ್ಳೆ.”

ಅತ್ತೆ ತಮ್ಮ ಮಗನನ್ನು ನೋಡಿದರು. ಅವನು ಅವತ್ತು ನೋಡಾಣ ಎನ್ನಲಿಲ್ಲ. ಮಗಳು ಇನ್ನೊಮ್ಮೆ ಬಾಯಿ ತೆರೆದಳು.

“ನೀ ದಗ್ಗರೇ ಉಂಚುಕೋ,” ಎಂದರು ಅತ್ತೆ. “ನಿನ್ನ ಹತ್ರಾನೇ ಇಟ್ಕ. ನನ್ನ ಕೈಲಾಗಲ್ಲ.”

“ನೀವೂ ಕೇಳಿಸ್ಕಂಡ್ರಲ್ಲ?” ಎಂದು ಗಂಡನನ್ನು ಕೇಳಿದೆ. “ಹೂಂ, ಕೇಳಿಸ್ತು,” ಎಂದ.

ಆಮೇಲೆ ಕೂತೆ. ಕುಕ್ಕರುಗಾಲಲ್ಲಿ, ಕಾಣುವಷ್ಟು ಹತ್ತಿರ, ಕೈಗೆ ಸಿಗದಷ್ಟು ದೂರ. ತಿಂದು ಬಿಟ್ಟ ಜೋಳದ ತೆನೆಯಿಂದ ಉಳಿದ ಕಾಳು ಬಿಡಿಸತೊಡಗಿದೆ. ಅವಸರವೇನೂ ಮಾಡಲಿಲ್ಲ. ಒಂದೊಂದೇ ಕಾಳು ಬಿಡಿಸಿದೆ. ಅತ್ತೆ ನಡುಗುತ್ತಲೇ ನಿಂತಿದ್ದರು. ಚೀರಾಟ ಬಿಕ್ಕಳಿಕೆಯಾಯಿತು. ಒಂದು ಮುಷ್ಟಿ ಸಡಿಲವಾಯಿತು, ಇನ್ನೊಂದೂ ಆಯಿತು. ಮಗಳು ತೆವಳಿಕೊಂಡು ಬಂದು ನನ್ನ ಅಂಗೈಯಿಂದ ಕಾಳು ಹೆಕ್ಕಿ ಬಾಯಿಗೆ ಹಾಕಿಕೊಂಡಳು.

ಅತ್ತೆಯನ್ನು ಬಿಟ್ಟು ಬರಲು ನಾವೂ ಮೊಳಕಾಲ್ಮೂರಿನವರೆಗೆ ಹೋದೆವು. ದಾರಿಯುದ್ದಕ್ಕೂ ಅತ್ತೆ ಮತ್ತೆ ದಾಳಿಂಬೆ ಸೀರೆಯಲ್ಲಿ ಕಿಟಕಿಯ ಹೊರಗೆ ನೋಡುತ್ತಾ ಕೂತಿದ್ದರು. ನಾನು ಯಾರಿಗೂ ಏನೂ ಹೇಳುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಹೇಳುವ ಅಗತ್ಯವೂ ಬೀಳಲಿಲ್ಲ. ಬೆಂಗಳೂರಿನ ಸುದ್ದಿ ಕೇಳಲು ಕೇರಿಯ ಹೆಂಗಸರು ಬಂದು ಕೂತರು. ಅವತ್ತು ನನ್ನ ಸೀರೆ ನೋಡಿ ನಕ್ಕವರೇ. ಅತ್ತೆ ತಿರುಗುವ ದೊಡ್ಡ ತೊಟ್ಟಿಲು, ಎತ್ತರದ ಜಾರುಬಂಡೆ ಎಂದೆಲ್ಲ ವರ್ಣಿಸುತ್ತಿದ್ದರು. ಮಗಳು ಬಚ್ಚಲಿನ ಪರದೆ ಹಿಡಿದು ಜೀಕುತ್ತಾ, ಸುಟ್ಟ ತೂತಿನಲ್ಲಿ ಬೆರಳು ತೂರಿಸಿ ಆಡುತ್ತಿದ್ದಳು. ಇದ್ದಕ್ಕಿದ್ದಂತೆ ಕೂಗಿದಳು:

“ಅಜ್ಜೀ, ನೀನು ನೀರಾಗೆ ಹಾಕ್ಕಂಡಿದ್ಯಲ್ಲ, ಅದೂ ಇಂಥದೇ ಐತಲ್ಲ! ಸರಸರ ಅಂತೈತೆ!”

ಯಾರೂ ನಗಲಿಲ್ಲ. ಒಬ್ಬೊಬ್ಬರೇ ಸೆರಗನ್ನು ಬಾಯಿಗೆ ಒಯ್ದರು ಅಷ್ಟೆ. ಅತ್ತೆ ಎದ್ದು ಒಳಗೆ ಹೋದರು.

ಮರುದಿನ ಬೆಳಿಗ್ಗೆ ಬಚ್ಚಲಿನ ಬಾಗಿಲು ಬೋಳಾಗಿತ್ತು. ನೀಲಿ ಹೂವಿನ ಸೀರೆ ಒಗೆದು, ಒಣಗಿ, ಅಂಚಿಗೆ ಅಂಚು ಕೂಡಿಸಿ ಮಡಿಕೆಯಾಗಿ ನನ್ನ ಚೀಲದ ಮೇಲೆ ಕೂತಿತ್ತು. ನನ್ನವ್ವ ಹೇಳಿದಂತೆ ಬೇಗ ಒಣಗುವ ಸೀರೆ. ಅತ್ತೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ಕೂತಿದ್ದರು. “ನಿನ್ನ ಸೀರೆ, ತಗಂಡೋಗು,” ಎಂದರು.

ನಾನು ಅದನ್ನು ಬಿಡಿಸಿಕೊಂಡು ಬಚ್ಚಲಿಗೆ ಹೋದೆ. ತೂತು ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ನೋಡಿಕೊಂಡು, ಮೊದಲಿದ್ದ ಮೊಳೆಗಳಿಗೇ ಮತ್ತೆ ಕಟ್ಟಿದೆ. ಇನ್ನು ಮೇಲೆ ಪ್ರತಿದಿನ ಸ್ನಾನಕ್ಕೆ ಹೋಗುವಾಗ ಅವರು ಅದನ್ನು ಕೈಯಾರೆ ಸರಿಸಿಯೇ ಹೋಗಬೇಕು. “ಇರಲಿ ಬಿಡ್ರಿ ಅತ್ತೆ, ಎಲ್ಲರಿಗೂ ಅಭ್ಯಾಸ ಆಗೈತೆ,” ಎಂದು ಅಲ್ಲಿಂದಲೇ ಕೂಗಿ ಹೇಳಿದೆ. ಮೊಳೆಗೆ ಹಾಕಿದ್ದು ಅವರು ಕಲಿಸಿದ ಗಂಟನ್ನೇ. ಅದನ್ನು ತೆಗೆಯಬೇಕೆಂದರೆ ಕತ್ತರಿಯೇ ಬೇಕು.